ಏಂಜಲ್ ಮೀನಿನ ಮರಿ ಉತ್ಪಾದನೆ: ಸಸ್ಯಸಹಿತ ಗಾಜಿನ ತೊಟ್ಟಿಯ ಸಿದ್ಧತೆ ಮತ್ತು ನೀರಿನ ಪರೀಕ್ಷೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)



ಸಂವಿಧಾನದ 11ನೆಯ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಐದನೆಯದು ಮೀನುಗಾರಿಕೆ. ಮೀನುಗಾರಿಕೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೆರೆಯ ಗುತ್ತಿಗೆ, ಕಟ್ಲಾ, ರೋಹು ಮರಿಗಳ ಬಿತ್ತನೆ. ಆದರೆ ಮನೆಯ ಹಿತ್ತಲಿನಲ್ಲಿ, ಒಂದೆರಡು ಕೋಣೆಗಳಲ್ಲಿ ನಡೆಸಬಹುದಾದ ಅಲಂಕಾರಿಕ ಮೀನು ಸಾಕಣೆಯೂ ಇದೇ ವಿಷಯದ ವ್ಯಾಪ್ತಿಗೆ ಸೇರುತ್ತದೆ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಹಿತ್ತಲ ಅಲಂಕಾರಿಕ ಮೀನು ಸಾಕಣೆ ಘಟಕಕ್ಕೆ 3 ಲಕ್ಷ ರೂಪಾಯಿಗಳ ಘಟಕ ವೆಚ್ಚವನ್ನು ನಿಗದಿಪಡಿಸಲಾಯಿತು. ಅದರಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡ 40ರಷ್ಟು, ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಶೇಕಡ 60ರಷ್ಟು ಸಹಾಯಧನವಿದೆ.

ಉಳಿದ ಶೇಕಡ 40, ಅಂದರೆ 1 ಲಕ್ಷ 20 ಸಾವಿರ ರೂಪಾಯಿಗಳನ್ನು ಆ ಮಹಿಳೆಯೇ ಹೊಂದಿಸಬೇಕು. ಆ ಹಣವು ಬಹುತೇಕ ಸಂಘದ ಸಾಲವಾಗಿರುತ್ತದೆ. ಮೊಟ್ಟೆಗಳು ಒಡೆಯದೆ ಬೆಳ್ಳಗಾಗಿ ಹೋದರೂ ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ಇಂತಹ ಅರ್ಜಿಯನ್ನು ಗ್ರಾಮಸಭೆಯಲ್ಲಿ ಬೆಂಬಲಿಸುವ ಮುನ್ನ ಸದಸ್ಯರು ತಿಳಿದಿರಬೇಕಾದ ವಿಷಯಗಳನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ಉದಾಹರಣೆಗೆ ಆಯ್ದುಕೊಂಡಿರುವುದು ಏಂಜಲ್ ಮೀನು. ಮಾರುಕಟ್ಟೆಯಲ್ಲಿ ಸದಾ ಕೇಳಿಕೆಯಿರುವ, ಆದರೆ ಗಪ್ಪಿ, ಮೋಲಿಗಳಷ್ಟು ಸುಲಭವಲ್ಲದ ಮೀನು ಇದು.

ಮೀನಿನ ಪರಿಚಯ

ಏಂಜಲ್ ಮೀನಿನ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಜಲಾನಯನ ಪ್ರದೇಶ. ಇದರ ವೈಜ್ಞಾನಿಕ ನಾಮ ಟೆರೋಫಿಲಂ ಸ್ಕೇಲಾರೆ. ಟೆರೋಫಿಲಂ ಎಂದರೆ ರೆಕ್ಕೆಯುಳ್ಳ ಎಲೆ ಎಂದರ್ಥ. ದೇಹವು ಎಲೆಯಂತೆ ಚಪ್ಪಟೆ. ಮೇಲಿನ ಮತ್ತು ಕೆಳಗಿನ ಈಜುರೆಕ್ಕೆಗಳು ನೀಳವಾಗಿರುವುದರಿಂದ ಮೀನು ತನ್ನ ಉದ್ದಕ್ಕಿಂತ ಹೆಚ್ಚು ಎತ್ತರವಾಗಿ ಕಾಣುತ್ತದೆ. ನಿಧಾನವಾಗಿ ಹರಿಯುವ, ಲವಣಾಂಶ ಅತ್ಯಲ್ಪವಾಗಿರುವ ಮೃದು ನೀರಿನಲ್ಲಿ, ಮುಳುಗಿದ ಗಿಡಬೇರುಗಳ ನಡುವೆ ಇದರ ವಾಸ. ಈ ತಳಿಯು ಹಲವು ದಶಕಗಳಿಂದ ಸಾಕಣೆಯಲ್ಲಿಯೇ ಬೆಳೆದು ಬಂದಿರುವುದರಿಂದ ಇಂದು ನಮಗೆ ದೊರೆಯುವ ಮೀನುಗಳು ಕಾಡುಮೀನುಗಳಿಗಿಂತ ಒಗ್ಗಿಕೊಳ್ಳುವ ಗುಣವುಳ್ಳವು. ಗಡಸು ನೀರಿನಲ್ಲಿಯೂ ಬದುಕುತ್ತವೆ, ಬೆಳೆಯುತ್ತವೆ, ಮೊಟ್ಟೆಯನ್ನೂ ಇಡುತ್ತವೆ. ಆದರೆ ಆ ಮೊಟ್ಟೆಗಳು ಮರಿಯಾಗುವುದು ಬೇರೆಯ ಮಾತು.

ಮೊದಲು ನೋಡಬೇಕಾದ ಕಾಗದ

ಮನೆ ಮನೆಗೆ ಗಂಗೆ, ಅಂದರೆ ಜಲ ಜೀವನ್ ಮಿಷನ್ ಯೋಜನೆಯಡಿ ಗ್ರಾಮದ ನೀರಿನ ಮೂಲಗಳನ್ನು ಪರೀಕ್ಷಿಸಿದ ವರದಿ ಪಂಚಾಯಿತಿ ಕಚೇರಿಯಲ್ಲಿರುತ್ತದೆ. ಕ್ಷೇತ್ರ ಪರೀಕ್ಷಾ ಕಿಟ್ ಬಳಸಲು ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ತರಬೇತಿ ನೀಡಬೇಕೆಂದು ಯೋಜನೆಯಲ್ಲಿಯೇ ಇದೆ. ಆ ವರದಿಯಲ್ಲಿ ‘ಒಟ್ಟು ಗಡಸುತನ’ ಎಂಬ ಸಾಲನ್ನು ನೋಡಿರಿ. ಮೀನಿನ ಘಟಕದ ಅರ್ಧ ಭವಿಷ್ಯ ಅಲ್ಲಿದೆ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಒಟ್ಟು ಗಡಸುತನವು ಲೀಟರಿಗೆ 200 ಮಿಲಿಗ್ರಾಂವರೆಗೆ ಅಪೇಕ್ಷಣೀಯ; ಬೇರೆ ಮೂಲವಿಲ್ಲದಿದ್ದಾಗ 600 ಮಿಲಿಗ್ರಾಂವರೆಗೆ ಅನುಮತಿಸಬಹುದು. ಅಂದರೆ 500 ಮಿಲಿಗ್ರಾಂ ಗಡಸುತನದ ಕೊಳವೆಬಾವಿ ನೀರು ‘ಕುಡಿಯಲು ಯೋಗ್ಯ’ ಎಂಬ ಮುದ್ರೆಯನ್ನು ಪಡೆಯಬಲ್ಲದು. ಏಂಜಲ್ ಮೀನಿನ ಮೊಟ್ಟೆಗೆ ಅದೇ ನೀರು ಪ್ರತಿಕೂಲ. ಬಹಳ ಗಡಸಾದ ನೀರಿನಲ್ಲಿ ಮೊಟ್ಟೆಗಳು ಸರಿಯಾಗಿ ಫಲಿತಗೊಳ್ಳುವುದಿಲ್ಲ. ಫಲಿತವಾದವುಗಳಲ್ಲಿಯೂ ಬಹುಪಾಲು ಒಡೆಯುವುದಿಲ್ಲ. ಮರಿ ಉತ್ಪಾದನೆಗೆ ಲೀಟರಿಗೆ 150 ಮಿಲಿಗ್ರಾಂಗಿಂತ ಕಡಿಮೆ ಗಡಸುತನವನ್ನು, 6.5ರಿಂದ 7.2ರ ನಡುವಿನ ಪಿಎಚ್ ಅನ್ನು ಗುರಿಯಾಗಿಟ್ಟುಕೊಳ್ಳುವುದು ವ್ಯಾವಹಾರಿಕವಾದ ಕ್ರಮ. ಮಲೆನಾಡು ಮತ್ತು ಕರಾವಳಿಯ ಬಾವಿ ನೀರು ಅನೇಕ ಕಡೆ ಈ ಮಿತಿಯೊಳಗೇ ಇರುತ್ತದೆ. ಬಯಲುಸೀಮೆಯ ಆಳವಾದ ಕೊಳವೆಬಾವಿಗಳಲ್ಲಿ ಇದನ್ನು ನಿರೀಕ್ಷಿಸುವಂತಿಲ್ಲ.

ಹಾಗೆಂದು ಬಯಲುಸೀಮೆಯ ಅರ್ಜಿಗಳನ್ನು ತಳ್ಳಿಹಾಕಬೇಕಾಗಿಲ್ಲ. ಮಳೆನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. ಕೊಳವೆಬಾವಿ ನೀರಿನ ಗಡಸುತನ 400 ಇದ್ದರೆ, ಆ ನೀರು ಒಂದು ಪಾಲಿಗೆ ಮಳೆನೀರು ಮೂರು ಪಾಲು ಬೆರೆಸಿದಾಗ ಅದು ಸುಮಾರು 100ಕ್ಕೆ ಇಳಿಯುತ್ತದೆ. ಲೆಕ್ಕ ನೋಡೋಣ. 110 ಲೀಟರ್ ನೀರು ಹಿಡಿಯುವ ಒಂದು ಜೋಡಿ ತೊಟ್ಟಿಯಲ್ಲಿ ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗವನ್ನು ಬದಲಿಸಬೇಕಾಗುತ್ತದೆ, ಅಂದರೆ 28 ಲೀಟರ್. ಅದರಲ್ಲಿ ಮಳೆನೀರು 21 ಲೀಟರ್. ಮೂರು ಜೋಡಿಗಳಿಗೆ ವಾರಕ್ಕೆ 63 ಲೀಟರ್, ವರ್ಷಕ್ಕೆ ಸುಮಾರು 3,300 ಲೀಟರ್. ಮೊಟ್ಟೆ ಒಡೆಸುವ ಪಾತ್ರೆಗಳಿಗೂ ಸೇರಿಸಿ 5,000 ಲೀಟರ್ ಎಂದಿಟ್ಟುಕೊಳ್ಳಿರಿ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ 50 ಚದರ ಮೀಟರ್ ತಾರಸಿಯ ಮೇಲೆ 30,000 ಲೀಟರ್ ಬೀಳುತ್ತದೆ. ಕೊರತೆಯಿರುವುದು ಮಳೆಯಲ್ಲಲ್ಲ, ಅದನ್ನು ಹಿಡಿದಿಡುವ ಮುಚ್ಚಿದ ತೊಟ್ಟಿಯಲ್ಲಿ. ಯೋಜನಾ ವರದಿಯಲ್ಲಿ ಗಾಜು, ಪಂಪು, ದೀಪಗಳೆಲ್ಲ ಇದ್ದು ಮಳೆನೀರಿನ ಸಂಪು ಇಲ್ಲದಿದ್ದರೆ ಸದಸ್ಯರು ಅದನ್ನು ಕೇಳಲೇಬೇಕು.

ಶುದ್ಧ ಕುಡಿಯುವ ನೀರಿನ ಘಟಕದ ನೀರೂ ಮೃದುವೇ. ಕೆಲವರು ಅದನ್ನು ಬಳಸುವ ಯೋಚನೆ ಮಾಡುವುದುಂಟು. ನೀರು ಸಾಕಷ್ಟಿರುವ ತಿಂಗಳುಗಳಲ್ಲಿ ಹಣ ಕೊಟ್ಟು ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಕ್ಯಾನು ಹಿಡಿದು ಸರತಿಯಲ್ಲಿ ನಿಂತವರ ಮುಂದೆ ಮೀನಿಗಾಗಿ ನೀರು ಒಯ್ಯುವ ಘಟಕ ಊರಿನಲ್ಲಿ ಬಹುಕಾಲ ಬಾಳದು.

ನಲ್ಲಿ ನೀರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ನೀರುಗಂಟಿಯು ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ ದಿನ ಬಂದ ನೀರನ್ನು ನೇರವಾಗಿ ತೊಟ್ಟಿಗೆ ಬಿಟ್ಟರೆ ಕ್ಲೋರಿನ್‌ನಿಂದ ಮೀನಿನ ಕಿವಿರುಗಳು ಸುಟ್ಟು, ಕೆಲವೇ ಗಂಟೆಗಳಲ್ಲಿ ಮೀನು ಸಾಯಬಹುದು. ನೀರನ್ನು ಅಗಲಬಾಯಿಯ ಡ್ರಮ್ಮಿನಲ್ಲಿ ತುಂಬಿ, ಗಾಳಿ ಆಡಿಸುತ್ತಾ 24 ಗಂಟೆ ಇಟ್ಟು ಬಳಸಬೇಕು. ನೀರುಗಂಟಿಯಿಂದ ಕ್ಲೋರಿನೀಕರಣದ ದಿನಗಳನ್ನು ತಿಳಿದುಕೊಳ್ಳುವ ಏರ್ಪಾಡನ್ನು ಪಂಚಾಯಿತಿಯೇ ಮಾಡಿಕೊಡಬಹುದು, ಇದಕ್ಕೆ ಖರ್ಚಿಲ್ಲ.

ತೊಟ್ಟಿಯ ಸಿದ್ಧತೆ

ಜೋಡಿಗಳು ರೂಪುಗೊಳ್ಳುವ ಮೊದಲ ತೊಟ್ಟಿಯು 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರವಿರಲಿ. ಏಂಜಲ್ ಮೀನಿಗೆ ಎತ್ತರ ಮುಖ್ಯ. ಒಂದಡಿ ಎತ್ತರದ ತೊಟ್ಟಿಯಲ್ಲಿ ಈಜುರೆಕ್ಕೆಗಳು ಬಾಗಿ ಬೆಳೆಯುತ್ತವೆ, ಅಂತಹ ಮೀನಿಗೆ ಬೆಲೆಯಿಲ್ಲ. ಈ ಅಳತೆಯ ತೊಟ್ಟಿ ಪೂರ್ತಿ ತುಂಬಿದರೆ ಸುಮಾರು 190 ಲೀಟರ್ ಹಿಡಿಯುತ್ತದೆ. ನೀರು, ಜಲ್ಲಿ, ಗಾಜು ಸೇರಿ ಸುಮಾರು ಎರಡೂವರೆ ಕ್ವಿಂಟಾಲ್ ಭಾರ. ಮನೆಯ ಹಳೆಯ ಮೇಜಿನ ಮೇಲೆ ಇಡುವಂತಹುದಲ್ಲ. ಕಬ್ಬಿಣದ ಸ್ಟ್ಯಾಂಡ್ ಅಥವಾ ಸಮತಟ್ಟಾದ ಇಟ್ಟಿಗೆ ಕಟ್ಟೆಯ ಮೇಲೆ ಥರ್ಮೋಕೋಲ್ ಹಾಳೆ ಹಾಸಿ ಕೂರಿಸಬೇಕು. ನೇರ ಬಿಸಿಲು ಬೀಳುವ ಕಿಟಕಿಯ ಬದಿ ಬೇಡ. ಬೇಸಿಗೆಯಲ್ಲಿ ನೀರು ಕಾಯುತ್ತದೆ, ವರ್ಷವಿಡೀ ಪಾಚಿ ಕಟ್ಟುತ್ತದೆ.

ತಳಕ್ಕೆ ಎರಡು ಅಂಗುಲದಷ್ಟು ಸಣ್ಣ ಬೆಣಚುಕಲ್ಲಿನ ಜಲ್ಲಿ ಹಾಕಬೇಕು. ಜಲ್ಲಿಯಲ್ಲಿ ಸುಣ್ಣಕಲ್ಲು ಅಥವಾ ಚಿಪ್ಪಿನ ಚೂರು ಸೇರಿದ್ದರೆ ಅದು ನಿಧಾನವಾಗಿ ಕರಗಿ ಮಳೆನೀರನ್ನೂ ಗಡಸು ಮಾಡುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ: ಒಂದು ಹಿಡಿ ಒಣ ಜಲ್ಲಿಯ ಮೇಲೆ ನಿಂಬೆರಸ ಹಿಂಡಿರಿ, ಗುಳ್ಳೆಗಳು ಎದ್ದರೆ ಆ ಜಲ್ಲಿ ಬೇಡ. ಗಿಡಗಳ ಬೇರಿಗಾಗಿ ಜಲ್ಲಿಯ ಅಡಿಯಲ್ಲಿ ತೊಳೆದ ಜಂಬಿಟ್ಟಿಗೆಯ ಪುಡಿಯನ್ನು ತೆಳುವಾಗಿ ಹರಡಬಹುದು. ಕೊಟ್ಟಿಗೆ ಗೊಬ್ಬರವನ್ನು ಮಾತ್ರ ಹಾಕಬಾರದು. ಕಟ್ಲಾ, ರೋಹು ಸಾಕುವ ಕೊಳಗಳಿಗೆ ಸಗಣಿ ಹಾಕಿ ಅಭ್ಯಾಸವಿರುವವರು ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸಿದರೆ ಅಮೋನಿಯಾ ಏರಿ ಮೀನುಗಳು ಸಾಯುತ್ತವೆ.

ಗಿಡಗಳಲ್ಲಿ ಅಮೆಜಾನ್ ಸ್ವೋರ್ಡ್ ಮೊದಲನೆಯದು. ನೆಟ್ಟಗೆ ನಿಲ್ಲುವ ಇದರ ಅಗಲವಾದ ಎಲೆಗಳ ಮೇಲೆ ಏಂಜಲ್ ಮೀನು ಮೊಟ್ಟೆಯಿಡಲು ಇಷ್ಟಪಡುತ್ತದೆ. ಹಿಂಬದಿಯಲ್ಲಿ ರಿಬ್ಬನ್ನಿನಂತೆ ಬೆಳೆಯುವ ವ್ಯಾಲಿಸ್ನೇರಿಯಾ ನೆಡಬಹುದು. ಗಡಸು ನೀರನ್ನೂ ಇದು ಸಹಿಸುತ್ತದೆ. ಜಾವಾ ಫರ್ನ್ ಮತ್ತು ಅನೂಬಿಯಸ್ ಗಿಡಗಳನ್ನು ಜಲ್ಲಿಯಲ್ಲಿ ಹೂಳದೆ ಮರದ ತುಂಡಿಗೆ ದಾರದಿಂದ ಕಟ್ಟಬೇಕು. ಇವೆಲ್ಲ ದಿನಕ್ಕೆ 8ರಿಂದ 10 ಗಂಟೆಗಳ ಸಾಧಾರಣ ಎಲ್‌ಇಡಿ ಬೆಳಕಿನಲ್ಲಿ ಬೆಳೆಯುವಂತಹವು. ಇಂಗಾಲದ ಡೈಆಕ್ಸೈಡ್ ಸಿಲಿಂಡರ್, ದುಬಾರಿ ದೀಪಗಳನ್ನು ಅಂದಾಜುಪಟ್ಟಿಯಲ್ಲಿ ಸೇರಿಸಿದ್ದರೆ ಅವು ಅನಗತ್ಯ ವೆಚ್ಚ. ಕೆರೆಯಿಂದ ಕಿತ್ತು ತಂದ ಹೈಡ್ರಿಲ್ಲಾದೊಂದಿಗೆ ಬಸವನಹುಳು, ಜಿಗಣೆ, ರೋಗಾಣುಗಳೂ ಬರುತ್ತವೆ. ತರಲೇಬೇಕಾದರೆ ಪೊಟ್ಯಾಸಿಯಂ ಪರ್ಮಾಂಗನೇಟಿನ ತಿಳಿಗುಲಾಬಿ ದ್ರಾವಣದಲ್ಲಿ ಹತ್ತು ನಿಮಿಷ ಅದ್ದಿ, ಚೆನ್ನಾಗಿ ತೊಳೆದು ಬಳಸಬೇಕು. ಒಣಗಿದ ಕಾಡುಬಾದಾಮಿ ಎಲೆಯೊಂದನ್ನು ತೊಟ್ಟಿಯಲ್ಲಿ ಹಾಕುವುದು ಒಳ್ಳೆಯ ರೂಢಿ. ನೀರು ಚಹಾದಂತೆ ಬಣ್ಣ ತಿರುಗಿ ಪಿಎಚ್ ತುಸು ಇಳಿಯುತ್ತದೆ.

ನೀರು ಶುದ್ಧೀಕರಣಕ್ಕೆ ಗಾಳಿ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಸಾಕು ಮತ್ತು ಅದೇ ಉತ್ತಮ, ಮರಿಗಳನ್ನು ಹೀರಿಕೊಳ್ಳುವುದಿಲ್ಲ. ತೊಟ್ಟಿ ತುಂಬಿದ ದಿನವೇ ಮೀನು ಬಿಡಬಾರದು ಎಂಬುದನ್ನು ಮತ್ತೆ ಮತ್ತೆ ಹೇಳಬೇಕಾಗಿದೆ. ಮೀನು ವಿಸರ್ಜಿಸುವ ಅಮೋನಿಯಾ ವಿಷಕಾರಿ. ಸ್ಪಂಜಿನಲ್ಲಿಯೂ ಜಲ್ಲಿಯಲ್ಲಿಯೂ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಅನಂತರ ಅಷ್ಟೇನೂ ಹಾನಿಕರವಲ್ಲದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ನೈಟ್ರೇಟನ್ನು ಗಿಡಗಳು ಹೀರುತ್ತವೆ. ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಉದ್ಘಾಟನೆಯ ದಿನಾಂಕಕ್ಕಾಗಿ ಆತುರಪಟ್ಟು ಹೊಸ ತೊಟ್ಟಿಗೆ ಮೀನು ತುಂಬಿಸುವುದು ಫೋಟೋಗೆ ಚೆನ್ನ, ಮೀನಿಗಲ್ಲ. ಸ್ಪಂಜನ್ನು ತೊಳೆಯುವಾಗಲೂ ನಲ್ಲಿ ನೀರು ಬಳಸದೆ, ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಬೇಕು.

ಜೋಡಿ, ಮೊಟ್ಟೆ, ಮರಿ

ಏಂಜಲ್ ಮೀನಿನಲ್ಲಿ ಗಂಡು ಹೆಣ್ಣುಗಳನ್ನು ಹೊರನೋಟದಿಂದ ಗುರುತಿಸಲಾಗದು. ‘ಖಚಿತ ಜೋಡಿ’ ಎಂದು ಹೇಳಿ ಮಾರುವವರ ಮಾತನ್ನು ಮೊಟ್ಟೆಯಿಟ್ಟ ದಾಖಲೆಯಿಲ್ಲದೆ ನಂಬಬೇಕಾಗಿಲ್ಲ. ನಾಣ್ಯದ ಗಾತ್ರದ ಆರರಿಂದ ಎಂಟು ಮರಿಗಳನ್ನು ಬೇರೆ ಬೇರೆ ಕಡೆಗಳಿಂದ ತಂದು ಒಟ್ಟಿಗೆ ಬೆಳೆಸುವುದೇ ಸರಿಯಾದ ದಾರಿ. ಎಂಟು ಹತ್ತು ತಿಂಗಳಲ್ಲಿ ಅವು ಪ್ರೌಢವಾಗಿ ತಾವಾಗಿಯೇ ಜೋಡಿ ಕಟ್ಟಿಕೊಳ್ಳುತ್ತವೆ. ಎರಡು ಮೀನುಗಳು ಒಂದು ಮೂಲೆಯನ್ನು ತಮ್ಮದೆಂದು ಹಿಡಿದು ಉಳಿದವುಗಳನ್ನು ಅಟ್ಟತೊಡಗಿದರೆ ಜೋಡಿಯಾಯಿತೆಂದು ತಿಳಿಯಬೇಕು. ಇಲ್ಲಿ ಗಿಡಗಳು ನಿಜವಾದ ಕೆಲಸ ಮಾಡುತ್ತವೆ: ಅಟ್ಟಿಸಿಕೊಂಡ ಮೀನು ಮರೆಯಾಗಲು ಜಾಗವಿರುತ್ತದೆ, ಜೋಡಿಗೂ ಬೆದರಿಕೆ ಕಡಿಮೆ. ಅನಂತರ ಆ ಜೋಡಿಯನ್ನು ಎರಡಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಪ್ರತ್ಯೇಕ ತೊಟ್ಟಿಗೆ ವರ್ಗಾಯಿಸಬೇಕು. ಅಲ್ಲಿ ಒಂದು ಸ್ವೋರ್ಡ್ ಗಿಡವನ್ನು ಕುಂಡದಲ್ಲಿಯೂ ಒಂದು ಕರಿಕಲ್ಲಿನ ಹಲಗೆ ಅಥವಾ ಪಿವಿಸಿ ಕೊಳವೆಯ ತುಂಡನ್ನು ಓರೆಯಾಗಿಯೂ ಇಡಬೇಕು. ಹೊರತೆಗೆಯಲು ಅನುಕೂಲವಾಗುವುದರಿಂದ ಮೊಟ್ಟೆ ಕಲ್ಲಿನ ಮೇಲೆ ಬಿದ್ದರೆ ಒಳ್ಳೆಯದು.

ನೀರಿನ ಉಷ್ಣತೆ 27ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಜೋಡಿಯು ಒಂದೆರಡು ದಿನ ಎಲೆಯನ್ನೋ ಕಲ್ಲನ್ನೋ ಬಾಯಿಯಿಂದ ಉಜ್ಜಿ ಸ್ವಚ್ಛಗೊಳಿಸುತ್ತದೆ. ಆಗ ಹೊಟ್ಟೆಯಡಿ ಸಣ್ಣ ನಳಿಗೆ ಕಾಣಿಸುತ್ತದೆ: ಹೆಣ್ಣಿನದು ದಪ್ಪ ಮತ್ತು ಮೊಂಡು, ಗಂಡಿನದು ಸಪೂರ ಮತ್ತು ಚೂಪು. ಹೆಣ್ಣು ಸಾಲುಸಾಲಾಗಿ ಮೊಟ್ಟೆ ಅಂಟಿಸುತ್ತಾ ಹೋಗುತ್ತದೆ, ಗಂಡು ಹಿಂದೆಯೇ ಫಲಿತಗೊಳಿಸುತ್ತಾ ಬರುತ್ತದೆ. ಒಂದು ಬಾರಿಗೆ ಕೆಲವು ನೂರು ಮೊಟ್ಟೆಗಳು. ಒಂದು ದಿನ ಕಳೆಯುವಷ್ಟರಲ್ಲಿ ಫಲಿತವಾಗದವು ಬೆಳ್ಳಗಾಗುತ್ತವೆ. ಬೆಳ್ಳಗಾದವೇ ಹೆಚ್ಚಾಗಿದ್ದರೆ ಮೊದಲು ಗಡಸುತನವನ್ನು ಮತ್ತೆ ಅಳೆಯಿರಿ. ಎರಡೂ ಹೆಣ್ಣೇ ಆಗಿರುವ ಸಾಧ್ಯತೆಯನ್ನು ಅನಂತರ ಯೋಚಿಸಿರಿ. ಎರಡು ಹೆಣ್ಣುಗಳು ಜೋಡಿಯಂತೆ ವರ್ತಿಸಿ ಮೊಟ್ಟೆಯಿಡುವುದೂ ಉಂಟು.

ಎಳೆಯ ಜೋಡಿಗಳು ಮೊದಲ ಎರಡು ಮೂರು ಬಾರಿ ತಮ್ಮ ಮೊಟ್ಟೆಗಳನ್ನು ತಾವೇ ತಿನ್ನುವುದು ಸಾಮಾನ್ಯ. ಇದನ್ನು ಕಂಡು ಜೋಡಿಯನ್ನು ಮಾರಿಬಿಡಬಾರದು. ಸಾಲ ಪಡೆದ ಮಹಿಳೆ ಧೈರ್ಯಗೆಡುವ ಹಂತವೂ ಇದೇ. ಸಂಘದ ಸಭೆಯಲ್ಲಿ ಇದನ್ನು ಮುಂಚಿತವಾಗಿಯೇ ತಿಳಿಸಿದ್ದರೆ ಅನುಕೂಲ. ಮೊಟ್ಟೆಗಳನ್ನು ಉಳಿಸಿಕೊಳ್ಳಬೇಕೆಂದರೆ ಕಲ್ಲನ್ನು ಅಥವಾ ಎಲೆಯನ್ನು ಕತ್ತರಿಸಿ, ಅದೇ ತೊಟ್ಟಿಯ ನೀರು ತುಂಬಿದ 20 ಲೀಟರ್ ಪಾತ್ರೆಯಲ್ಲಿ ಇಟ್ಟು, ಪಕ್ಕದಲ್ಲಿ ಗಾಳಿಗುಳ್ಳೆ ಹರಿಯುವಂತೆ ಮಾಡಬೇಕು. ಬೂಷ್ಟು ತಡೆಯಲು ನೀರು ತಿಳಿನೀಲಿಯಾಗುವಷ್ಟು ಮಿಥಿಲೀನ್ ಬ್ಲೂ ಬೆರೆಸಬಹುದು. ಇದನ್ನು ಗಿಡಗಳಿರುವ ತೊಟ್ಟಿಗೆ ಹಾಕಬಾರದು. ಉಪಕಾರಿ ಬ್ಯಾಕ್ಟೀರಿಯಾಗಳೂ ಗಿಡಗಳೂ ಹಾಳಾಗುತ್ತವೆ.

ಎರಡೂವರೆ ದಿನದ ಹೊತ್ತಿಗೆ ಮೊಟ್ಟೆಗಳು ಒಡೆಯುತ್ತವೆ. ಮರಿಗಳು ಇನ್ನೂ ನಾಲ್ಕೈದು ದಿನ ಅಲ್ಲಿಯೇ ಅಂಟಿಕೊಂಡು ಬಾಲವಾಡಿಸುತ್ತಿರುತ್ತವೆ. ಆಗ ಆಹಾರ ಬೇಡ, ಭಂಡಾರ ಹೊಟ್ಟೆಯಲ್ಲಿಯೇ ಇರುತ್ತದೆ. ಈಜತೊಡಗಿದ ದಿನದಿಂದ ಹೊಸದಾಗಿ ಒಡೆದ ಆರ್ಟೀಮಿಯಾ ಮರಿಗಳನ್ನು ದಿನಕ್ಕೆ ಮೂರು ನಾಲ್ಕು ಬಾರಿ ಕೊಡಬೇಕು. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು ಬೆರೆಸಿ, ಅದರಲ್ಲಿ ಆರ್ಟೀಮಿಯಾ ಮೊಟ್ಟೆಯ ಪುಡಿ ಹಾಕಿ ಜೋರಾಗಿ ಗಾಳಿಯಾಡಿಸಿದರೆ 24ರಿಂದ 36 ಗಂಟೆಗಳಲ್ಲಿ ಮರಿಗಳು ಹೊರಬರುತ್ತವೆ. ತಿಂದ ಮರಿಮೀನಿನ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿ ಕಾಣುತ್ತದೆ. ಖರ್ಚು ಉಳಿಸಲು ಕೋಳಿಮೊಟ್ಟೆಯ ಹಳದಿಯನ್ನು ಹಾಕುವುದುಂಟು. ಉಳಿದದ್ದು ಕೊಳೆತು ಒಂದೇ ರಾತ್ರಿಯಲ್ಲಿ ನೀರು ಕೆಡುತ್ತದೆ. ಚರಂಡಿಯಿಂದ ಸಂಗ್ರಹಿಸಿದ ಟ್ಯೂಬಿಫೆಕ್ಸ್ ಹುಳು ರೋಗದ ಮೂಲ. ಸೊಳ್ಳೆಮರಿ ಮೀನಿಗೆ ಒಳ್ಳೆಯ ಆಹಾರವೇ ಹೌದು, ಆದರೆ ಅದಕ್ಕಾಗಿ ತೆರೆದ ಡ್ರಮ್ಮುಗಳಲ್ಲಿ ನೀರು ನಿಲ್ಲಿಸುವುದನ್ನು ಪಂಚಾಯಿತಿ ಒಪ್ಪಲಾಗದು. ಒಂದೆಡೆ ಡೆಂಗಿ ನಿಯಂತ್ರಣಕ್ಕೆ ಲಾರ್ವಾ ಸಮೀಕ್ಷೆ ನಡೆಸಿ, ಇನ್ನೊಂದೆಡೆ ಸೊಳ್ಳೆ ಬೆಳೆಸಲು ಬಿಡುವುದು ಸಲ್ಲದು.

ಮರಿಗಳನ್ನು ಬೆಳೆಸುವ ತೊಟ್ಟಿಯಲ್ಲಿ ಗಿಡ, ಜಲ್ಲಿ ಯಾವುದೂ ಬೇಡ. ಸಸ್ಯಸಹಿತ ತೊಟ್ಟಿಯ ಬಗೆಗೆ ಇಷ್ಟು ಹೇಳಿದ ಮೇಲೆ ಇದು ವಿಚಿತ್ರವೆನಿಸಬಹುದು. ಗಿಡಗಳು ಬೇಕಾದುದು ತಾಯಿತಂದೆ ಮೀನುಗಳ ನೆಮ್ಮದಿಗೆ. ಮರಿಗಳಿಗೆ ಬೇಕಾದುದು ದಿನವೂ ಪೈಪಿನಿಂದ ಎಳೆದು ಸ್ವಚ್ಛಗೊಳಿಸಬಹುದಾದ ಬರಿಯ ತಳ. ಈ ಹಂತದಲ್ಲಿ ಮಳೆನೀರನ್ನು ಕ್ರಮೇಣ ಕಡಿಮೆ ಮಾಡಿ, ಮೂರು ನಾಲ್ಕು ವಾರಗಳಲ್ಲಿ ಮರಿಗಳನ್ನು ಊರಿನ ನೀರಿಗೇ ಒಗ್ಗಿಸಬೇಕು. ಹೀಗೆ ಒಗ್ಗಿಸಿದ ಮೀನು ಸುತ್ತಲಿನ ತಾಲ್ಲೂಕುಗಳ ಕೊಳ್ಳುಗರ ಮನೆಯಲ್ಲಿ ದೂರದಿಂದ ಬಂದ ಮೀನಿಗಿಂತ ಚೆನ್ನಾಗಿ ಉಳಿಯುತ್ತದೆ. ದೇಶದ ದೊಡ್ಡ ಅಲಂಕಾರಿಕ ಮೀನು ಕೇಂದ್ರಗಳಲ್ಲೊಂದಾದ ಚೆನ್ನೈನ ಕೊಳತ್ತೂರಿನಂತಹ ಕಡೆಯಿಂದ ಬರುವ ಸರಕಿನೆದುರು ನಮ್ಮ ಸಣ್ಣ ಘಟಕಕ್ಕಿರುವ ಅನುಕೂಲ ಇದೇ.

ಅಂದಾಜುಪಟ್ಟಿಯನ್ನು ಓದುವ ಬಗೆ

ಮೊಟ್ಟೆಗಳನ್ನು ತೆಗೆದರೆ ಆರೋಗ್ಯವಂತ ಜೋಡಿಯು ಹತ್ತರಿಂದ ಹದಿನೈದು ದಿನಗಳಲ್ಲಿ ಮತ್ತೆ ಮೊಟ್ಟೆಯಿಡಬಲ್ಲದು. ಮರಿಗಳು ಮಾರಾಟದ ಗಾತ್ರಕ್ಕೆ ಬರಲು ಎಂಟರಿಂದ ಹತ್ತು ವಾರ ಬೇಕು. ಆ ವೇಳೆಗೆ ಒಂದು ಮೀನಿಗೆ ಸುಮಾರು 4 ಲೀಟರ್ ನೀರು ಬೇಕಾಗುತ್ತದೆ; ಇಕ್ಕಟ್ಟಾದರೆ ಬೆಳವಣಿಗೆ ಕುಂಠಿತವಾಗಿ ಈಜುರೆಕ್ಕೆಗಳು ಮೊಟಕಾಗುತ್ತವೆ. ಒಂದು ಸಂಸಾರದಲ್ಲಿ 200 ಮರಿಗಳು ಉಳಿದರೆ ಅವಕ್ಕೇ 800 ಲೀಟರ್ ಬೇಕು. ಹೀಗಾಗಿ ಘಟಕದ ಸಾಮರ್ಥ್ಯವನ್ನು ನಿರ್ಧರಿಸುವುದು ಜೋಡಿಗಳ ಸಂಖ್ಯೆಯಲ್ಲ, ಬೆಳೆಸುವ ತೊಟ್ಟಿಗಳ ಜಾಗ. ಎರಡು ಮೂರು ಜೋಡಿ ಮತ್ತು ನೆರಳಿನಡಿ ನಾಲ್ಕೈದು ಸಿಮೆಂಟ್ ತೊಟ್ಟಿಗಳಿರುವ ಯೋಜನೆ ವಿವೇಕದ್ದು. ಹತ್ತು ಜೋಡಿ, ಎರಡು ತೊಟ್ಟಿ ಎಂದಿರುವ ಅಂದಾಜುಪಟ್ಟಿಯನ್ನು ಮೀನು ಮಾರುವವರೇ ಬರೆದುಕೊಟ್ಟಿರಬಹುದೇ ಎಂದು ವಿಚಾರಿಸುವುದು ಒಳಿತು.

ವಿದ್ಯುತ್ ಇನ್ನೊಂದು ಪ್ರಶ್ನೆ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ನೀರು 22 ಡಿಗ್ರಿಗಿಂತ ಕೆಳಗಿಳಿದರೆ ಮೊಟ್ಟೆಯಿಡುವುದು ನಿಲ್ಲುತ್ತದೆ, ಬಿಳಿ ಚುಕ್ಕೆ ರೋಗ ಕಾಣಿಸಿಕೊಳ್ಳುತ್ತದೆ. ಜೋಡಿ ತೊಟ್ಟಿಗೆ 100 ವ್ಯಾಟಿನ ಥರ್ಮೋಸ್ಟಾಟ್ ಹೀಟರ್ ಸಾಕು. ತೊಟ್ಟಿಯ ಮೂರು ಬದಿಗೆ ಥರ್ಮೋಕೋಲ್ ಅಂಟಿಸಿದರೆ ಶಾಖ ಉಳಿಯುತ್ತದೆ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ಕಷ್ಟ ಇದರ ಉಲ್ಟಾ: ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಆದ್ದರಿಂದ ನೆರಳುಬಲೆಯೂ ಗಾಳಿ ಪಂಪೂ ಅಗತ್ಯ. ಎರಡೂ ಕಡೆ ಬ್ಯಾಟರಿ ಚಾಲಿತ ಗಾಳಿ ಪಂಪು ಇರಲೇಬೇಕು.

ಮಾರಾಟದ ಬೆಲೆಯನ್ನು ಈ ಪಾಠದಲ್ಲಿ ಕೊಟ್ಟಿಲ್ಲ. ಅದು ಊರಿಂದೂರಿಗೆ, ಬಣ್ಣದಿಂದ ಬಣ್ಣಕ್ಕೆ ಬದಲಾಗುತ್ತದೆ. ಜಿಲ್ಲಾ ಕೇಂದ್ರದ ಕನಿಷ್ಠ ಇಬ್ಬರು ಅಕ್ವೇರಿಯಂ ಅಂಗಡಿಯವರು ತಿಂಗಳಿಗೆ ಎಷ್ಟು ಮೀನು, ಯಾವ ಗಾತ್ರದ್ದು, ಯಾವ ದರಕ್ಕೆ ಕೊಳ್ಳುವರೆಂಬುದನ್ನು ಅರ್ಜಿದಾರರು ಬರೆಸಿಕೊಂಡು ಬರಲಿ. ಸಹಾಯಧನವು ಯಾವ ಹಂತದಲ್ಲಿ, ಎಷ್ಟು ಕಂತುಗಳಲ್ಲಿ ಬರುತ್ತದೆ, ಯೋಜನೆಯ ಈ ಸಾಲಿನ ನಿಯಮಗಳೇನು ಎಂಬುದನ್ನು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಿಂದ ಲಿಖಿತವಾಗಿ ಪಡೆಯಬೇಕು. ತಾಂತ್ರಿಕ ಸಲಹೆಗೆ ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಸಂಶೋಧನಾ ಕೇಂದ್ರವನ್ನೂ ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯವನ್ನೂ ಸಂಪರ್ಕಿಸಬಹುದು. ಮೊದಲ ಆರು ತಿಂಗಳು ಮರಿ ಕೊಂಡು ಬೆಳೆಸಿ ಮಾರುವುದು, ಅದರಲ್ಲಿ ಕೈ ಪಳಗಿದ ಮೇಲೆ ಮೊಟ್ಟೆಯ ಕೆಲಸಕ್ಕೆ ಇಳಿಯುವುದು ಸಾಲದ ದೃಷ್ಟಿಯಿಂದ ಕ್ಷೇಮ.

ತೊಟ್ಟಿಯಿಂದ ಹೊರತೆಗೆದ ನೀರು ನೈಟ್ರೇಟ್ ಉಳ್ಳದ್ದಾಗಿರುವುದರಿಂದ ಕೈತೋಟಕ್ಕೆ ಉತ್ತಮ. ಔಷಧ ಬೆರೆಸಿದ ನೀರನ್ನು ಮಾತ್ರ ಪ್ರತ್ಯೇಕವಾಗಿ ಇಂಗುಗುಂಡಿಗೆ ಬಿಡಬೇಕು. ಮಾರಾಟವಾಗದ, ಅಂಗವಿಕಲವಾದ ಮೀನುಗಳನ್ನು ಕೆರೆಗೋ ಕಾಲುವೆಗೋ ಬಿಡಲು ಯಾವ ಕಾರಣಕ್ಕೂ ಅವಕಾಶ ಕೊಡಬಾರದು. ಅಲಂಕಾರಕ್ಕೆಂದು ತಂದ ಸಕ್ಕರ್ ಮೀನು ದೇಶದ ಅನೇಕ ಜಲಮೂಲಗಳನ್ನು ಸೇರಿ ಮೀನುಗಾರರ ಬಲೆ ಹರಿಯುತ್ತಿರುವುದು ಹೀಗೆಯೇ. ಈ ಷರತ್ತನ್ನು ಪಂಚಾಯಿತಿಯು ತನ್ನ ಶಿಫಾರಸು ಪತ್ರದಲ್ಲಿಯೇ ಬರೆದು, ಘಟಕದ ನೀರು ಹೊರಹೋಗುವ ಕೊಳವೆಗೆ ಸಣ್ಣ ಕಣ್ಣಿನ ಜಾಲರಿ ಅಳವಡಿಸಿರುವುದನ್ನು ಸ್ಥಳ ಪರಿಶೀಲನೆಯ ದಿನ ನೋಡತಕ್ಕದ್ದು.